ಎದ್ದು ನಿಂತ ಮಾವ

ಹಾಮ್ಯಾಂಗ್
2 ಡಿಸೆಂಬರ್ 1987

ಪಿಲ್ನಾಮ್‌ಗೆ,

ಈ ಲಕೋಟೆಯಲ್ಲಿ ಪತ್ರಿಕೆಯ ಒಂದು ತುಣುಕು ಇದೆ. ಚುನಾವಣೆಯ ಗಲಾಟೆಯಲ್ಲಿ ಒಳಪುಟದ ಮೂಲೆಗೆ ಬಿದ್ದ ಸುದ್ದಿ. ನೀನು ನೋಡಿರಲಿಕ್ಕಿಲ್ಲ ಎಂದು ಕತ್ತರಿಸಿ ಕಳಿಸುತ್ತಿದ್ದೇನೆ.

ಒಂದೇ ಮನೆತನದ ಹೆಸರು, ಒಂದೇ ಮೂಲ ಊರು ಇರುವ ಗಂಡು ಹೆಣ್ಣು ಈಗಾಗಲೇ ಸಂಸಾರ ಮಾಡುತ್ತಿದ್ದರೆ, ಕಾನೂನು ಒಪ್ಪದ ಅಂಥವರ ಮದುವೆಯನ್ನು 1988ನೇ ಇಸವಿ ಒಂದರಲ್ಲಿ ಮಾತ್ರ ಸರ್ಕಾರ ದಾಖಲು ಮಾಡಿಕೊಳ್ಳುತ್ತದಂತೆ. ಡಿಸೆಂಬರ್ ಕೊನೆಗೆ ಬಾಗಿಲು ಮತ್ತೆ ಮುಚ್ಚುತ್ತದೆ. ಹತ್ತು ವರ್ಷದ ಹಿಂದೆಯೂ ಹೀಗೆಯೇ ಒಂದು ವರ್ಷ ತೆರೆದು ಮುಚ್ಚಿದ್ದರು.

ಇದರಿಂದ ನನ್ನ ಅಭಿಪ್ರಾಯ ಬದಲಾಗಿದೆ ಎಂದು ತಿಳಿಯಬೇಡ. ಇಷ್ಟು ವರ್ಷ ಈ ಊರಿಗೆ ಪತ್ರಿಕೆ ಹಂಚಿಸಿದವನು ನಾನು. ಬೇಕಾದವರಿಗೆ ಬೇಕಾದ ಸುದ್ದಿ ಮುಟ್ಟಲಿಲ್ಲ ಎಂದರೆ ನನಗೆ ಸಮಾಧಾನವಿರುವುದಿಲ್ಲ. ಅಷ್ಟೇ ವಿಷಯ.

ನಿನ್ನ ವಿಳಾಸ ನಿನ್ನಮ್ಮನ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು. "ಇದೇನು?" ಎಂದು ಕೇಳಿದೆ. "ಯಾಕ್ರೀ, ನಿಮಗೆ ಯಾವಾಗಿನಿಂದ ಹೊಲಿಗೆ ಬಂತು?" ಎಂದು ನನ್ನನ್ನೇ ಕೇಳಿದಳು.

ಇಲ್ಲಿ ಎಲ್ಲರೂ ಕ್ಷೇಮ.

ತಾಕ್ ದೊಂಗ್ಜಿನ್

*

ಬುಚಾನ್
17 ಜನವರಿ 1988

ಅಪ್ಪನವರಿಗೆ,

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿದಾಗ ಅಮ್ಮನಿಗೆ ಏನೋ ಆಗಿದೆ ಎಂದೇ ತಿಳಿದೆ. ಆರು ವರ್ಷದ ಮೇಲೆ ನೀವು ಬೇರೆ ಕಾರಣಕ್ಕೆ ಬರೆಯುತ್ತೀರಿ ಎಂದು ಹೊಳೆಯಲೇ ಇಲ್ಲ. ಬಸ್ ಡಿಪೋದಲ್ಲಿ ನಿಂತುಕೊಂಡೇ ಒಡೆದೆ.

ಸುದ್ದಿ ನಮಗೆ ಗೊತ್ತಿತ್ತು ಅಪ್ಪ. ಅದು ಬಂದ ದಿನವೇ ನಮ್ಮವರು, ನಾರೇ ಅಪ್ಪ, ಅದೇ ತುಣುಕನ್ನು ಕತ್ತರಿಸಿ ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಮನೆಗೆ ತಂದಿದ್ದರು. ಅದಕ್ಕೆ ಕಿಮ್ಚಿಯ ಕಲೆ ಆಗಿದೆ. ನಿಮ್ಮದು ಶುಭ್ರವಾಗಿದೆ. ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ.

ನಿಮಗೆ ಅಮ್ಮನಿಂದ ಎಷ್ಟು ಗೊತ್ತೋ ತಿಳಿಯದು, ಇರುವುದನ್ನು ಇರುವ ಹಾಗೆ ಹೇಳುತ್ತೇನೆ. ನಾರೇ ನಮ್ಮ ಮಗಳು. ಮುಂದಿನ ವರ್ಷ ಮಾರ್ಚ್‌ಗೆ ಶಾಲೆಗೆ ಹೋಗುತ್ತಾಳೆ. ಅವಳ ಅಪ್ಪನ ಕುಟುಂಬದ ದಾಖಲೆಯಲ್ಲಿ ಹೆಸರಿನ ಎದುರು "ವಿವಾಹದ ಹೊರಗೆ ಹುಟ್ಟಿದ ಮಗು" ಎಂದಿದೆ. ನಾರೇ ಅಪ್ಪ ನಾನಿರುವ ಡಿಪೋದಲ್ಲೇ ಮೆಕ್ಯಾನಿಕ್. ಕಂಪನಿಯ ವೈದ್ಯಕೀಯ ಕಾರ್ಡಿನಲ್ಲಿ ನಾನು ಅವರಿಗೆ ಯಾರೂ ಅಲ್ಲ. ಹೋದ ಚಳಿಗಾಲ ಅವರ ಕೈ ಜಾಕಿಯಡಿ ಸಿಕ್ಕಾಗ ಆಸ್ಪತ್ರೆಯ ಹುಡುಗಿ "ನೀವು ತಂಗಿಯಾ? ಇಬ್ಬರ ಹೆಸರೂ ತಾಕ್ ಅಂತಿದೆ" ಎಂದಳು. ಹೌದು ಎಂದೆ. ಹೌದು ಅಂದರೆ ಬೇಗ ಒಳಗೆ ಬಿಡುತ್ತಾರೆ.

ಕಂಡಕ್ಟರ್ ಹುಡುಗಿಯರನ್ನು ಒಂದೊಂದೇ ರೂಟಿನಲ್ಲಿ ತೆಗೆಯುತ್ತಿದ್ದಾರೆ. ಈಗ ಮುಂದಿನ ಬಾಗಿಲಲ್ಲಿ ಹತ್ತಿ ಡಬ್ಬಿಗೆ ಟೋಕನ್ ಹಾಕಬೇಕು, ನಮ್ಮ ಕೆಲಸ ಆ ಡಬ್ಬಿಗೆ ಹೋಯಿತು. ಗೆಳತಿಯರು ಕಾರ್ಖಾನೆ ಸೇರಿದರು. ನಾನು ಭಾರಿ ವಾಹನದ ಲೈಸೆನ್ಸಿಗೆ ಕೂತು ಪಾಸಾದೆ. ಇನ್ನೂ ಯಾರೂ ಬಸ್ ಕೊಟ್ಟಿಲ್ಲ. ಕೊಡುತ್ತಾರೆ.

ಈಗ ಮುಖ್ಯ ವಿಷಯ. ಮದುವೆಯ ಅರ್ಜಿಗೆ ಇಬ್ಬರು ಸಾಕ್ಷಿಗಳ ಹೆಸರಿನ ಮುದ್ರೆ ಬೇಕು. ಒಂದು ಕಡೆ ಡಿಪೋದ ಮೇಸ್ತ್ರಿ ಹಾಕಿದ್ದಾರೆ. ಇನ್ನೊಂದು ಜಾಗ ಖಾಲಿ ಬಿಟ್ಟಿದ್ದೇನೆ. ಆ ಜಾಗಕ್ಕೆ ದಾರಿಯಲ್ಲಿ ಹೋಗುವ ಯಾರಾದರೂ ಸಾಕು, ಕಾನೂನಿಗೆ ನಿಮ್ಮದೇ ಆಗಬೇಕೆಂದಿಲ್ಲ. ನನಗೆ ಆಗಬೇಕು. ನಾರೇ ದೊಡ್ಡವಳಾಗಿ ಆ ಹಾಳೆ ನೋಡಿದರೆ ಅಲ್ಲಿ ತನ್ನ ಅಜ್ಜನ ಹೆಸರು ಇರಬೇಕು.

ನಾನು ಬೇಡುತ್ತಿಲ್ಲ ಅಪ್ಪ. ಜಾಗ ಖಾಲಿ ಇದೆ ಎಂದು ತಿಳಿಸುತ್ತಿದ್ದೇನೆ. ಬೇಕಾದವರಿಗೆ ಸುದ್ದಿ ಮುಟ್ಟಬೇಕು ಎಂದು ನೀವೇ ಬರೆದಿದ್ದೀರಿ.

ಪಿಲ್ನಾಮ್

*

ಹಾಮ್ಯಾಂಗ್
8 ಮಾರ್ಚ್ 1988

ಪಿಲ್ನಾಮ್‌ಗೆ,

ಉತ್ತರ ತಡವಾಯಿತು. ತಡ ಮಾಡಿದೆ ಎಂದೇ ಹೇಳಬೇಕು.

ನನ್ನ ಸ್ಥಿತಿಯನ್ನೂ ನೀನು ತಿಳಿಯಬೇಕು. ನಮ್ಮ ಮನೆತನದ ವಂಶಾವಳಿ ಪುಸ್ತಕವನ್ನು ಮೂವತ್ತು ವರ್ಷದ ಮೇಲೆ ಹೊಸದಾಗಿ ಅಚ್ಚು ಹಾಕಿಸುತ್ತಿದ್ದಾರೆ. ಅದರ ಕಾರ್ಯದರ್ಶಿ ನಾನು. ಹೋದ ವರ್ಷ ಈ ಕಾನೂನಿನ ಮಾತು ಎದ್ದಾಗ ಊರೂರಿನ ಹಿರಿಯರು ವಿರೋಧಿಸಿ ಮನವಿ ಕಳಿಸಿದರಲ್ಲ, ಹಾಮ್ಯಾಂಗಿನಿಂದ ಹೋದ ಹಾಳೆಯಲ್ಲಿ ಮೊದಲ ಮುದ್ರೆ ನನ್ನದು. ನನ್ನ ಹತ್ತಿರ ಇರುವುದು ಒಂದೇ ಮುದ್ರೆ, ಅಪ್ಪ ಕೆತ್ತಿಸಿಕೊಟ್ಟ ಮರದ್ದು. ಆ ಕಾಗದಕ್ಕೂ ಒತ್ತಿ ಈ ಕಾಗದಕ್ಕೂ ಒತ್ತಿದರೆ ಆ ಮುದ್ರೆಗೆ ಏನು ಬೆಲೆ ಉಳಿಯಿತು?

ಇನ್ನೊಂದು ವಿಷಯ. 1981ರ ಚಳಿಗಾಲದಲ್ಲಿ ನೀನು ಅವರನ್ನು ಕರೆದುಕೊಂಡು ಬಂದಾಗ ನಾನು ಮನೆಯಿಂದ ಹೊರಗೆ ಹಾಕಿದೆ ಎಂದು ಎಲ್ಲರಿಗೂ ನೆನಪಿದೆ. ಅದಕ್ಕೆ ಮೊದಲು ಆದದ್ದು ಯಾರಿಗೂ ನೆನಪಿಲ್ಲ. ಅವರು ಒಳಗೆ ಬಂದು ಅಡ್ಡಬೀಳಲು ಎರಡೂ ಕೈ ಜೋಡಿಸಿದರು. ನಾನು ಜಮಖಾನೆಯ ಮೇಲೆ ಕೂತಿದ್ದೆ. ಹೆಸರು ಕೇಳಿದೆ. "ತಾಕ್ ಮಾನ್ಸಿಕ್" ಎಂದರು. ನಮ್ಮಲ್ಲಿ ಪ್ರತಿ ತಲೆಮಾರಿನ ಗಂಡುಮಕ್ಕಳ ಹೆಸರಿಗೂ ಒಂದು ಅಕ್ಷರ ಗೊತ್ತು ಮಾಡಿದೆ. ನನ್ನ ಹೆಸರಿನ ಜಿನ್ ಇಪ್ಪತ್ತೆಂಟನೇ ತಲೆಮಾರಿಗೆ. ಮಾನ್ ಇಪ್ಪತ್ತೇಳನೆಯದಕ್ಕೆ. ಅಂದರೆ ಇಪ್ಪತ್ತಾರು ವರ್ಷದ ಆ ಹುಡುಗ ಲೆಕ್ಕದಲ್ಲಿ ನನಗೆ ಚಿಕ್ಕಪ್ಪ. ಚಿಕ್ಕಪ್ಪ ಅಡ್ಡಬೀಳುವಾಗ ಅಣ್ಣನ ಮಗ ಕೂತಿರುವುದು ಎಲ್ಲಾದರೂ ಉಂಟೇ? ನನಗೆ ಗೊತ್ತಾಗುವ ಮೊದಲೇ ನನ್ನ ಕಾಲು ಎದ್ದು ನಿಂತಿತ್ತು. ಮಗಳನ್ನು ಕೇಳಲು ಬಂದವರ ಎದುರು ನಾನು ತಲೆ ಬಗ್ಗಿಸಿ ನಿಂತಿದ್ದೆ. ಆಮೇಲೆ ಕೂಗಾಡಿದ್ದೆಲ್ಲ ಆ ಅವಮಾನಕ್ಕೆ.

ಮಗುವಿಗೆ ನಾರೇ ಎಂದು ಯಾಕೆ ಇಟ್ಟಿರಿ? ರೆಕ್ಕೆ ಎನ್ನುವುದು ಒಂದು ಹೆಸರೇ? ಹೀಗೆ ಅಂದದ್ದಕ್ಕೆ ನಿನ್ನಮ್ಮ, "ನೀವು ಹೆಣ್ಣು ಮಗುಗೆ 'ಖಂಡಿತ ಗಂಡು' ಅಂತ ಅರ್ಥ ಬರೋ ಹೆಸರಿಟ್ಟೋರು. ಹೆಸರಿನ ವಿಷಯದಲ್ಲಿ ನೀವು ಬಾಯಿ ಬಿಡಬೇಡಿ" ಎಂದಳು. ಮುಂದಿನದಾದರೂ ಗಂಡಾಗಲಿ ಎಂದು ಆ ಕಾಲದಲ್ಲಿ ಎಲ್ಲರೂ ಇಡುತ್ತಿದ್ದರು. ಮುಂದಿನದು ಬರಲೇ ಇಲ್ಲ.

ಆ ಜಾಗಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊ. ಅವಧಿ ಮೀರಲು ಬಿಡಬೇಡ.

ಅಪ್ಪ

*

ಬುಚಾನ್
22 ಮೇ 1988

ಅಪ್ಪನವರಿಗೆ,

ಬೇರೆ ಯಾರನ್ನೂ ಹುಡುಕುವುದಿಲ್ಲ.

ನಿಮ್ಮ ಪತ್ರವನ್ನು ನಾರೇ ಅಪ್ಪನಿಗೆ ಓದಿ ಹೇಳಿದೆ. ಅವರು, "ನಾನು ಅನಾಥಾಶ್ರಮದಲ್ಲಿ ಬೆಳೆದೋನು. ನಮ್ಮಪ್ಪ ಬಿಟ್ಟು ಹೋಗಿದ್ದು ಅಂದ್ರೆ ಹೆಸರು ಒಂದೇ. ಅದನ್ನ ಕೇಳಿ ಒಬ್ರು ಎದ್ದು ನಿಂತ್ರಲ್ಲ, ಅಷ್ಟು ಮರ್ಯಾದೆ ನನಗೆ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ" ಎಂದರು. ನಿಮಗೆ ಅವಮಾನವಾದದ್ದು ಅವರಿಗೆ ಹಾಗೆ ಕಂಡಿದೆ. ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಒಂದು ಕೆಟ್ಟ ಮಾತು ಅವರ ಬಾಯಿಂದ ಬಂದಿಲ್ಲ. ಬಂದದ್ದೆಲ್ಲ ನನ್ನ ಬಾಯಿಂದ.

ಏಪ್ರಿಲ್‌ನಲ್ಲಿ ಬಸ್ ಕೊಟ್ಟರು. ರೈಲು ನಿಲ್ದಾಣದಿಂದ ಹೊರಟು ಮಾರುಕಟ್ಟೆ ಬಳಸಿ, ಹೊಸ ಅಪಾರ್ಟ್‌ಮೆಂಟ್‌ಗಳು ಏಳುತ್ತಿರುವ ಕಡೆಗೆ ಹೋಗುವ ರೂಟು. ಕಂಪನಿಗೆ ನಾನು ಮೊದಲ ಹೆಂಗಸು. ಮೊದಲ ಟ್ರಿಪ್‌ಗೆ ಹೊರಟಾಗ ಡ್ರೈವರುಗಳೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು, "ಪಿಲ್ನಾಮಕ್ಕ, ಗೇಟು ಅಗಲ ಇದೆ, ಹೆದರ್ಬೇಡಿ, ಕಂಬ ಮಾತ್ರ ಬಿಟ್ಬಿಡಿ!" ಎಂದು ಕೂಗಿದರು. ಕಂಬಕ್ಕೆ ತಾಗಿಸದೆ ತಿರುಗಿಸಿ, ಕಿಟಕಿಯಿಂದ, "ನಿಮ್ಮಲ್ಲಿ ಎಷ್ಟು ಜನ ಆ ಕಂಬಕ್ಕೆ ಬಸ್ಸಿನ ಬಣ್ಣ ಬಳಿದಿದೀರಿ ಅಂತ ನನಗೆ ಗೊತ್ತು" ಎಂದೆ. ಕಂಡಕ್ಟರ್ ಆಗಿದ್ದಾಗ ನಾನೇ ಹಿಂದೆ ನಿಂತು ನೋಡಿದವಳು.

ನನ್ನ ಹೆಸರು ಖಂಡಿತ ಗಂಡು ಎಂದು ನೀವು ಬರೆದಿದ್ದೀರಿ. ಅದರ ಬಗ್ಗೆ ಎಳೆಯ ಕಾಲದಲ್ಲಿ ಬಹಳ ಅತ್ತಿದ್ದೇನೆ. ಈಗ ಅದು ಬಸ್ಸಿನ ಮುಂಗಾಜಿನ ಮೇಲ್ಗಡೆ ಚಾಲಕರ ಹೆಸರಿನ ಫಲಕದಲ್ಲಿ ಇದೆ. ಹತ್ತುವವರು ಹೆಸರು ಓದಿ, ನನ್ನನ್ನು ನೋಡಿ, ಮತ್ತೆ ಹೆಸರು ಓದುತ್ತಾರೆ. ನನಗೇನೂ ಬೇಸರವಿಲ್ಲ.

ಡಿಸೆಂಬರ್ ಕೊನೆಯವರೆಗೆ ಆ ಜಾಗ ಖಾಲಿ ಇರುತ್ತದೆ. ನೀವು ಬರಲಿಲ್ಲ ಎಂದರೆ ಖಾಲಿಯಾಗಿಯೇ ಅವಧಿ ಮುಗಿಯುತ್ತದೆ. ಹಟ ಎನ್ನಬಹುದು. ಎಲ್ಲಿಂದ ಬಂತು ಎಂದು ಅಮ್ಮನನ್ನು ಕೇಳಿ.

ಪಿಲ್ನಾಮ್

*

ಹಾಮ್ಯಾಂಗ್
4 ಅಕ್ಟೋಬರ್ 1988

ಪಿಲ್ನಾಮ್,

ನಾನು ಕಣೇ, ಅಮ್ಮ. ಬರೀತಿರೋದು ಬ್ಯೂಟಿ ಪಾರ್ಲರ್ ಹುಡುಗಿ. ನಾನು ತಲೆಗೆ ಸುರುಳಿ ಸುತ್ತಿಸ್ಕೊಂಡು ಕೂತಿದೀನಿ, ಗುಂಗುರು ಆಗೋವರೆಗೆ ಏಳೋ ಹಾಗಿಲ್ಲ. ಅದಕ್ಕೇ ಪೂರ್ತಿ ಹೇಳ್ತೀನಿ. ಈ ಹುಡುಗಿ ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ ಅಂತ ಆಣೆ ಮಾಡಿದಾಳೆ.

ನಿಮ್ಮಪ್ಪ ಜೂನ್‌ನಲ್ಲಿ ಸಿಯೋಲ್‌ಗೆ ಹೋಗಿದ್ರು. ವಂಶಾವಳಿ ಪುಸ್ತಕದ ಪ್ರೂಫ್ ತರೋಕೆ ಅಂತ. ವಾಪಸು ಬಂದ್ರು. ಒಂದು ವಾರ ಆದ್ಮೇಲೆ ಊಟಕ್ಕೆ ಕೂತಾಗ, ಸುಮ್ಮನೆ ಸಾರು ನೋಡ್ಕೊಂಡು, "ಬುಚಾನ್ ಬಸ್ಸುಗಳು ಪರವಾಗಿಲ್ಲ. ಬ್ರೇಕ್ ಹಾಕಿದ್ದೇ ಗೊತ್ತಾಗಲ್ಲ" ಅಂದ್ರು. ನಾನು, "ಪ್ರೆಸ್ಸು ಇರೋದು ಸಿಯೋಲ್‌ನಲ್ಲಿ ಅಲ್ವಾ? ಬುಚಾನ್‌ಗೆ ಯಾಕ್ರೀ ಹೋದ್ರಿ?" ಅಂದೆ. "ದಾರಿ ತಪ್ಪಿತು" ಅಂದ್ರು. ಪತ್ರಿಕೆ ಕಟ್ಟು ಯಾವ ಬಸ್ಸಲ್ಲಿ ಯಾವ ಊರಿಗೆ ಹೋಗುತ್ತೆ ಅಂತ ನಿದ್ದೆಯಲ್ಲೂ ಹೇಳೋ ಮನುಷ್ಯ. ದಾರಿ ತಪ್ಪಿತಂತೆ!

ಈಗ ಕೇಳು. ಒಲಿಂಪಿಕ್ಸ್ ನೋಡೋಕೆ ಊರಿನ ಗಂಡಸರೆಲ್ಲ ಕ್ಷೌರದಂಗಡಿ ಟಿವಿ ಮುಂದೆ ಸೇರ್ತಿದ್ರು. ನಮ್ಮ ಹೆಣ್ಣುಮಕ್ಕಳು ಹ್ಯಾಂಡ್‌ಬಾಲ್‌ನಲ್ಲಿ ಚಿನ್ನ ಗೆದ್ರಲ್ಲ, ಅವತ್ತು ನಿಮ್ಮಪ್ಪನ ದೊಡ್ಡಪ್ಪನ ಮಗ ಉಂಜಿನ್ ಅಲ್ಲಿದ್ದ. "ನಮ್ಮ ಹುಡುಗೀರು ಏನು ಗಟ್ಟಿ ಕಣ್ರೀ! ಇಂಥ ಮಕ್ಕಳನ್ನ ಹೆತ್ತೋರು ಪುಣ್ಯವಂತರು" ಅಂದನಂತೆ. ನಿಮ್ಮಪ್ಪ ಗಲ್ಲಕ್ಕೆ ಸೋಪು ಹಚ್ಚಿಸ್ಕೊಂಡು ಕುರ್ಚಿಯಲ್ಲಿ ಮಲಗಿದ್ದೋರು ಎದ್ದು ಕೂತು, "ನನ್ನ ಮಗಳು ಬಸ್ ಓಡಿಸ್ತಾಳೆ. ದೊಡ್ಡ ಬಸ್ಸು. ಊರು ತುಂಬ ಜನ ಹತ್ತಿದ್ರೂ ಒಂದು ಮೊಟ್ಟೆ ಒಡೆಯಲ್ಲ, ಹಾಗೆ ಓಡಿಸ್ತಾಳೆ. ನಾನು ಕೂತು ನೋಡಿದೀನಿ" ಅಂದ್ರಂತೆ. ಏಳು ವರ್ಷದಿಂದ ನಿನ್ನ ಹೆಸರು ಎತ್ತದೆ ಇದ್ದ ಮನುಷ್ಯ! ಕ್ಷೌರಿಕನ ಕೈಯಲ್ಲಿ ಕತ್ತಿ ಇತ್ತು, ಕಿವಿ ಉಳಿದಿದ್ದು ದೊಡ್ಡದು ಅಂತ ಅವನ ಹೆಂಡ್ತಿ ಬಂದು ಹೇಳಿದ್ಲು.

ಆಗ ಉಂಜಿನ್ ಕೇಳಿದನಂತೆ, "ಮಗಳೇನೋ ಸರಿ ಅಣ್ಣ. ಅಳಿಯ ಯಾರು?" ನಿಮ್ಮಪ್ಪ ಸೋಪು ಒರೆಸ್ಕೊಂಡು ಮನೆಗೆ ಬಂದ್ಬಿಟ್ರು. ಅರ್ಧ ಗಡ್ಡ ಹಾಗೇ ಇತ್ತು.

ಇನ್ನೊಂದು. ನಿಮ್ಮಪ್ಪ ಆ ಹುಡುಗನ್ನ ಬೈಯೋವಾಗಲೂ ಅವರು ಇವರು ಅಂತಲೇ ಬೈತಾರೆ. ಚಿಕ್ಕಪ್ಪನಲ್ವಾ! ನನಗೆ ನಗು ತಡೆಯೋಕಾಗಲ್ಲ.

ಚುಸೋಕ್ ಹಬ್ಬಕ್ಕೆ ಮಾಡಿದ ಅಕ್ಕಿ ಕಡುಬು ಕಳಿಸೋಣ ಅಂದ್ರೆ ಹಳಸುತ್ತೆ. ನಾರೇಗೆ ಒಂದು ಸ್ವೆಟರ್ ಹೆಣೆದಿದೀನಿ. ಕೈ ಉದ್ದ ಆಗಿದ್ರೆ ಮಡಿಸು, ಮಗು ಬೆಳೆಯುತ್ತೆ.

ನೀನೂ ಸ್ವಲ್ಪ ಬಗ್ಗು ಕಣೇ. ಇಬ್ಬರೂ ನೆಟ್ಟಗೆ ನಿಂತ್ರೆ ನಾನು ಯಾರ ಕಡೆ ಒರಗ್ಲಿ?

ಅಮ್ಮ

*

ಬುಚಾನ್
16 ಅಕ್ಟೋಬರ್ 1988

ಅಪ್ಪನವರಿಗೆ,

ಅಮ್ಮನ ಪತ್ರ ಬಂತು. ಅವರ ಮೇಲೆ ಕೋಪ ಮಾಡಬೇಡಿ.

ಒಂದು ವಿಷಯವನ್ನು ಜೂನ್‌ನಿಂದ ಒಳಗೇ ಇಟ್ಟುಕೊಂಡಿದ್ದೆ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಬಸ್ ಹತ್ತಿದವರನ್ನು ನಾನು ನೋಡಿದ್ದು ಅದೇ ಮೊದಲು. ಟೋಕನ್ ಹಾಕಿದ ಕೈ ನೋಡಿದೆ. ಹೆಬ್ಬೆರಳಿನಲ್ಲಿ ಅಚ್ಚಿನ ಮಸಿ. ಅದು ಹೋಗುವುದೇ ಇಲ್ಲ ಎಂದು ಅಮ್ಮ ಸೋಪು ಉಜ್ಜಿ ಉಜ್ಜಿ ಸೋತದ್ದು ನನಗೆ ಗೊತ್ತು.

ನೀವು ಕೊನೆಯ ಸಾಲಿನಲ್ಲಿ ಕೂತಿರಿ. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಮಾರುಕಟ್ಟೆ ನಿಲ್ದಾಣದಲ್ಲಿ ಒಬ್ಬ ಗಂಡಸು ಹತ್ತಿ ನನ್ನನ್ನು ನೋಡಿ, "ಹೆಂಗಸು ಓಡಿಸೋ ಬಸ್ಸಾ? ಬೆಳಗ್ಗೆ ಬೆಳಗ್ಗೆ ಗ್ರಹಚಾರ. ನಾನು ಇಳೀತೀನಪ್ಪ" ಎಂದು ಬಾಗಿಲಲ್ಲೇ ನಿಂತ. ಇಂಥವರು ದಿನಾ ಒಬ್ಬರಾದರೂ ಸಿಗುತ್ತಾರೆ, ನನಗೆ ಅಭ್ಯಾಸವಾಗಿದೆ. ಆಗ ಹಿಂದಿನಿಂದ, ಪತ್ರಿಕೆಯ ಆಚೆಯಿಂದ ಒಂದು ದನಿ ಬಂತು. "ಇಳಿಯೋರು ಇಳೀಲಿ. ಡ್ರೈವರ್ ಅವರೇ, ನೀವು ಬಾಗಿಲು ಹಾಕಿ, ನಮಗೆ ಹೊತ್ತಾಗುತ್ತೆ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನು ಇಳಿಯಲಿಲ್ಲ, ಬಂದು ಕಂಬಿ ಹಿಡಿದು ನಿಂತ. ನಾನು ಬಾಗಿಲು ಹಾಕಿದೆ. ಆಮೇಲೆ ಒಂದು ನಿಲ್ದಾಣದವರೆಗೆ ರಸ್ತೆ ಸರಿಯಾಗಿ ಕಾಣಲಿಲ್ಲ, ಅದಕ್ಕೇ ಅಷ್ಟು ನಿಧಾನ ಓಡಿಸಿದೆ. ನೀವು ಅದನ್ನು ಬ್ರೇಕಿನ ಗುಣ ಎಂದು ತಿಳಿದಿರಿ.

ನೀವು ಕೊನೆಯ ನಿಲ್ದಾಣದವರೆಗೆ ಬಂದಿರಿ. ಅಲ್ಲಿಂದ ಮತ್ತೆ ವಾಪಸು ಬಂದಿರಿ. ರೈಲು ನಿಲ್ದಾಣದಲ್ಲಿ ಇಳಿದು ಹೋದಿರಿ. ನಾನು "ಅಪ್ಪ" ಎಂದು ಕರೆಯಬಹುದಿತ್ತು. ಕರೆದರೆ ನೀವು ದಾರಿ ತಪ್ಪಿ ಬಂದೆ ಎನ್ನುತ್ತಿದ್ದಿರಿ, ನಾನು ಸರಿ ಎನ್ನಬೇಕಾಗುತ್ತಿತ್ತು. ಕರೆಯಲಿಲ್ಲ.

ನನ್ನನ್ನು ನೀವು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಅರ್ಜಿ ಗೋಡೆ ಗಡಿಯಾರದ ಹಿಂದೆ ಇದೆ. ಇನ್ನೂ ಕಾಲ ಇದೆ.

ಪಿಲ್ನಾಮ್

*

ಹಾಮ್ಯಾಂಗ್
4 ಡಿಸೆಂಬರ್ 1988

ಪಿಲ್ನಾಮ್‌ಗೆ,

ನಿನ್ನೆ ವಂಶಾವಳಿ ಸಮಿತಿಯ ಕೊನೆಯ ಸಭೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪುಸ್ತಕದಲ್ಲಿ ಮಗನಿಗಾದರೆ ಅವನದೇ ಹೆಸರು. ಮಗಳಿಗಾದರೆ ಅವಳ ಹೆಸರು ಇರುವುದಿಲ್ಲ, ಅಳಿಯನ ಮನೆತನ ಮತ್ತು ಅವನ ಹೆಸರನ್ನು ಹಾಕುತ್ತಾರೆ. ಇದು ಹಿಂದಿನಿಂದ ಬಂದ ಕ್ರಮ. ನನ್ನ ಹೆಸರಿನ ಕೆಳಗಿನ ಸಾಲಿಗೆ ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು.

"ದೊಂಗ್ಜಿನ್, ಈ ಸಾಲು ಬಿಟ್ಬಿಡು. ಮಕ್ಕಳಾಗಲಿಲ್ಲ ಅಂತ ಹಾಕೋಣ."

"ಮಗಳು ಹುಟ್ಟಿದ್ದಾಳೆ. ನಾನೇ ನೋಡಿದೀನಿ."

"ತಮಾಷೆ ಬೇಡ. ತಾಕ್ ಮನೆ ಮಗಳಿಗೆ ತಾಕ್ ಅಳಿಯ ಅಂತ ಅಚ್ಚಾದ್ರೆ ಬೇರೆ ಮನೆತನದೋರು ಹೊಟ್ಟೆ ಹಿಡ್ಕೊಂಡು ನಗ್ತಾರೆ. ಆ ಮನುಷ್ಯನ ಹೆಸರು ನಮ್ಮ ಪುಸ್ತಕದಲ್ಲಿ ಬರಕೂಡದು."

"ಆಗಲೇ ಬಂದಿದೆ" ಎಂದೆ. ಪುಟ ತೆಗೆದು ತೋರಿಸಿದೆ. ಯುದ್ಧದಲ್ಲಿ ಚದುರಿದ ಶಾಖೆಯ ವಿವರಗಳನ್ನು ಈ ವರ್ಷ ನಾನೇ ಕೂಡಿಸಿದ್ದೆ. ಅವರ ತಂದೆಯ ಹೆಸರು, ಅವರ ಹೆಸರು ಎರಡೂ ಇದ್ದವು. "ಇಪ್ಪತ್ತೇಳನೇ ತಲೆಮಾರು, ನೋಡಿ. ಲೆಕ್ಕದಲ್ಲಿ ನಿಮಗೂ ಚಿಕ್ಕಪ್ಪ. ಆ ಮನುಷ್ಯ ಅನ್ನಬೇಡಿ."

ಉಂಜಿನ್‌ಗೆ ನಗು ತಡೆಯಲಾಗದೆ ಚಹಾ ಮೂಗಿಗೆ ಹೋಯಿತು. ಅಧ್ಯಕ್ಷರು ನಗಲಿಲ್ಲ. ಸಂಜೆಯವರೆಗೆ ಜಗಳವಾಯಿತು. ಮನವಿಗೆ ಮುದ್ರೆ ಒತ್ತಿದವನು ನೀನಲ್ಲವೇ ಎಂದರು. ಹೌದು ಎಂದೆ. ಹಾಗಾದರೆ ಇದೇನು ಎಂದರು. ಪತ್ರಿಕೆ ನಿನ್ನೆಯ ಸಂಚಿಕೆಯನ್ನು ಮನೆಮನೆಯಿಂದ ವಾಪಸು ತರುವುದಿಲ್ಲ, ಇವತ್ತಿನದನ್ನು ಅಚ್ಚು ಹಾಕುತ್ತದೆ ಎಂದೆ. ಕೊನೆಗೆ ಅಳಿಯನ ಹೆಸರನ್ನು ಆ ಸಾಲಿನಲ್ಲಿ ಹಾಕುವುದು ಬೇಡ, ಅದರ ಬದಲು ಮಗಳ ಹೆಸರನ್ನೇ ಹಾಕಿ ಮುಗಿಸೋಣ, ನಾಚಿಕೆ ಕಡಿಮೆ ಎಂದು ಅವರೇ ತೀರ್ಮಾನಿಸಿದರು. ಮುಚ್ಚಲು ಹೋಗಿ ಏನು ಮಾಡಿದೆವು ಎಂದು ಅವರಿಗೆ ಇನ್ನೂ ಹೊಳೆದಿಲ್ಲ. ಇಷ್ಟು ತಲೆಮಾರುಗಳಲ್ಲಿ ತನ್ನದೇ ಹೆಸರಿನಲ್ಲಿ ಆ ಪುಸ್ತಕ ಸೇರಿದ ಮೊದಲ ಹೆಣ್ಣು ನೀನು. ಪ್ರೂಫ್ ತಿದ್ದಿ ಬೆಳಗ್ಗೆ ಅಂಚೆಗೆ ಹಾಕಿದೆ. ಪಿಲ್, ನಾಮ್ ಎಂಬ ಎರಡು ಅಕ್ಷರಗಳನ್ನು ನಾನೇ ಮೂರು ಸಲ ನೋಡಿದೆ. ತಪ್ಪಿಲ್ಲ.

ನಾನು ಹೋದ ಮೇಲೆ ನನ್ನ ಹೆಸರಿಗೆ ಎಡೆ ಇಡಲು ಉಂಜಿನ್‌ನ ಎರಡನೇ ಮಗನನ್ನು ದತ್ತು ತೆಗೆದುಕೊ ಎಂದು ಹಿಂದಿನಿಂದ ಹೇಳುತ್ತಿದ್ದರು. ನಿನ್ನೆ ಬೇಡ ಎಂದು ಹೇಳಿದೆ. ನನಗೆ ಒಂದು ಮಗು ಇದೆ.

ಹದಿನೇಳನೇ ತಾರೀಖು ಶನಿವಾರ, ಅರ್ಜಿ ಕೊಡುವ ಕಚೇರಿ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಹಿಂದಿನ ದಿನವೇ ಹೊರಡುತ್ತೇನೆ. ಮುದ್ರೆ ತರುತ್ತೇನೆ. ನಿನ್ನಮ್ಮ ಬರುವುದಿಲ್ಲವಂತೆ, ಕಿಮ್ಚಿಗೆ ಎಲೆಕೋಸು ಉಪ್ಪಿಗೆ ಹಾಕುವುದಿದೆಯಂತೆ. "ನೀವು ಮುರಿದದ್ದು, ನೀವೇ ಹೋಗಿ ಅಂಟಿಸಿ ಬನ್ನಿ" ಎನ್ನುತ್ತಾಳೆ.

ದಾರಿ ಗೊತ್ತಿದೆ. ಕರೆಯಲು ಬರಬೇಡ.

ಅಪ್ಪ

*

ಬುಚಾನ್
26 ಡಿಸೆಂಬರ್ 1988

ಅಪ್ಪನವರಿಗೆ,

ದಾಖಲೆ ಬಂತು. ನಾರೇ ಹೆಸರಿನ ಎದುರು ಆ ಪದಗಳು ಇಲ್ಲ. ಅವಳಿಗೆ ಏನೂ ಗೊತ್ತಿಲ್ಲ, ಹಾಳೆಯ ಮೇಲಿನ ಕೆಂಪು ಮುದ್ರೆಗಳನ್ನು ನೋಡಿ, "ಅಜ್ಜಂದು ಯಾವುದು?" ಎಂದಳು. ತೋರಿಸಿದೆ. "ಸೊಟ್ಟ ಇದೆ" ಎಂದಳು. ನಿಜ, ಸ್ವಲ್ಪ ಸೊಟ್ಟ ಇದೆ.

ಗುಮಾಸ್ತ "ಸಾಕ್ಷಿ ವರನಿಗೆ ಏನಾಗಬೇಕು?" ಎಂದು ಕೇಳಿದಾಗ ನೀವು ಎಷ್ಟು ಹೊತ್ತು ಯೋಚಿಸಿದಿರಿ! "ಅಜ್ಜಾ, ನಿಮ್ಮನ್ನೇ ಕೇಳ್ತಿರೋದು" ಎಂದ ಪಾಪದವನು. ನೀವು ತಲೆಮಾರಿನ ಲೆಕ್ಕ ಶುರುಮಾಡುತ್ತೀರಿ ಎಂದೇ ತಿಳಿದೆ. "ಮಾವ" ಎಂದಿರಿ. ಒಂದೇ ಮಾತು.

ಆದರೆ ಅಪ್ಪ, ಹೊರಗೆ ಬೆಂಚಿನ ಹತ್ತಿರ ನಾರೇ ಅಪ್ಪ ನಿಮಗೆ ಬಾಗಿ ನಮಸ್ಕಾರ ಮಾಡಲು ಬಂದರೆ ನೀವು ಮತ್ತೆ ಸ್ಪ್ರಿಂಗಿನ ಹಾಗೆ ಎದ್ದು ನಿಂತಿರಿ. ಇಬ್ಬರೂ ಒಬ್ಬರಿಗೊಬ್ಬರು ಬಾಗಿಕೊಂಡು ನಿಂತಿದ್ದನ್ನು ನೋಡಿ ಕಚೇರಿಯವರೆಲ್ಲ ಕಿಟಕಿಗೆ ಬಂದಿದ್ದರು. ಯಾರು ಮೊದಲು ತಲೆ ಎತ್ತಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ನಾರೇ ಹೋಗಿ ನಿಮ್ಮ ಕೈ ಎಳೆಯದಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದಿರಿ.

ಅವರು ಮನೆಗೆ ಬಂದು, "ಮಾವನವರಿಗೆ ಸರಿಯಾಗಿ ಅಡ್ಡಬೀಳೋದು ಈ ಜನ್ಮದಲ್ಲಿ ಆಗುತ್ತೋ ಇಲ್ವೋ" ಎಂದರು. ನಗುತ್ತಲೇ ಹೇಳಿದರು. ಪೂರ್ತಿ ನಗು ಅಲ್ಲ ಅದು. ಅವರು ಇದುವರೆಗೆ ಯಾರನ್ನೂ ಅಪ್ಪ ಎಂದು ಕರೆದು ಅಡ್ಡಬಿದ್ದವರಲ್ಲ.

ಪಿಲ್ನಾಮ್

*

ಹಾಮ್ಯಾಂಗ್
25 ಜನವರಿ 1989

ಪಿಲ್ನಾಮ್‌ಗೆ, ಮಾನ್ಸಿಕ್‌ಗೆ, ನಾರೇಗೆ,

ಪತ್ರಿಕೆಯ ತುಣುಕು ಇಟ್ಟಿದ್ದೇನೆ. ಈ ವರ್ಷದಿಂದ ಚಾಂದ್ರಮಾನ ಹೊಸವರ್ಷಕ್ಕೆ ಅದರ ಹಳೆಯ ಹೆಸರನ್ನೇ ವಾಪಸು ಕೊಟ್ಟು ಮೂರು ದಿನ ರಜೆ ಮಾಡುತ್ತಾರಂತೆ. ಇಷ್ಟು ದಿನ ಬೇಡ ಬೇಡ ಎಂದ ಸರ್ಕಾರವೇ ಈಗ ಬೇಕು ಎನ್ನುತ್ತಿದೆ. ಸರ್ಕಾರಕ್ಕೆ ಆಗುವುದಾದರೆ ಮನುಷ್ಯನಿಗೂ ಆಗುತ್ತದೆ. ಹಬ್ಬ ಫೆಬ್ರವರಿ ಆರಕ್ಕೆ. ಮೂವರೂ ಬನ್ನಿ. ಬಸ್ಸಿನಲ್ಲಿ ಈಗಲೇ ಸೀಟು ಹೇಳಿಡಿ, ಊರಿಗೆ ಹೊರಡುವವರು ಲಕ್ಷಾಂತರ ಇರುತ್ತಾರೆ. ಪ್ರಯಾಣಿಕಳಾಗಿ ಕೂರುವಾಗ ಡ್ರೈವರ್‌ಗೆ ಹಿಂದಿನಿಂದ ಸಲಹೆ ಕೊಡಬೇಡ.

ಪುಸ್ತಕ ಅಚ್ಚಾಗಿ ಬಂದಿದೆ. ನಿನ್ನ ಪುಟಕ್ಕೆ ದಾರ ಇಟ್ಟಿದ್ದೇನೆ. ಉಂಜಿನ್ ಬಂದು ಬಹಳ ಹೊತ್ತು ನೋಡಿ, "ಅಣ್ಣ, ನನ್ನ ಮೂರು ಹೆಣ್ಣುಮಕ್ಕಳ ಹೆಸರೂ ಮುಂದಿನ ಸಲ ಹಾಗೇ ಹಾಕಿಸೋಕೆ ಆಗುತ್ತಾ?" ಎಂದು ಕೇಳಿದ. ಮುಂದಿನ ಸಲಕ್ಕೆ ಮೂವತ್ತು ವರ್ಷ ಇದೆ, ಅರ್ಜಿ ಕೊಟ್ಟಿಡು ಎಂದೆ.

ಈಗ ಮಾನ್ಸಿಕ್‌ಗೆ ಒಂದು ಮಾತು. ನೀನೇ ಅವನಿಗೆ ಓದಿ ಹೇಳು. ಅವನು ಹಬ್ಬದ ಬೆಳಗ್ಗೆ ಒಳಗೆ ಬಂದು ನನಗೆ ಅಡ್ಡಬೀಳಬೇಕು. ಪೂರ್ತಿ, ಹಣೆ ನೆಲಕ್ಕೆ ಮುಟ್ಟುವ ಹಾಗೆ, ಗಡಿಬಿಡಿ ಮಾಡದೆ. ನಾನು ಅಭ್ಯಾಸ ಮಾಡುತ್ತಿದ್ದೇನೆ. ಸಂಜೆ ಊಟವಾದ ಮೇಲೆ ನಿನ್ನಮ್ಮ ನನ್ನ ಹಳೆಯ ಕೋಟು ತೊಟ್ಟು ಬಾಗಿಲಿನಿಂದ ಒಳಗೆ ಬಂದು, "ನಾನು ತಾಕ್ ಮಾನ್ಸಿಕ್, ಇಪ್ಪತ್ತೇಳನೇ ತಲೆಮಾರು, ನಿಮ್ಮ ಅಳಿಯ" ಎಂದು ಗಂಡಸಿನ ದನಿಯಲ್ಲಿ ಹೇಳಿ ಬಾಗುತ್ತಾಳೆ. ಮೊದಲ ಎರಡು ಸಂಜೆ ನನ್ನ ಮೊಣಕಾಲು ಎದ್ದಿತು. "ಕೂತ್ಕೊಳ್ರೀ! ಇನ್ನೆಷ್ಟು ಸಲ ಬಗ್ಲಿ, ನನಗೂ ಸೊಂಟ ಇದೆ" ಎಂದು ಬೈದಳು. ನಿನ್ನೆ ಸ್ವಲ್ಪವೇ ಅಲುಗಿತು. ಇವತ್ತು ಅಲುಗಲಿಲ್ಲ.

ತಲೆಮಾರಿನ ಲೆಕ್ಕ ಪುಸ್ತಕದಲ್ಲಿ ಇದೆ, ಅದು ಅಲ್ಲೇ ಇರಲಿ. ಹಿರಿಯರ ಸಮಾಧಿಯ ಪೂಜೆಗೆ ಹೋದಾಗ ಅವನಿಗೆ ನಾನೇ ಮೊದಲು ತಲೆ ಬಗ್ಗಿಸುತ್ತೇನೆ. ಮನೆಯಲ್ಲಿ ಅವನು ನನ್ನ ಮಗಳ ಗಂಡ.

1981ರಲ್ಲಿ ಹಾಸಿದ ಜಮಖಾನೆಯನ್ನೇ ಹಾಸುತ್ತೇನೆ. ಅವನು ಬರಲಿ, ಬಾಗಲಿ. ನಾನು ಕೂತೇ ಇರುತ್ತೇನೆ.

ಅಪ್ಪ